ಹೊಟ್ಟೆಯೊಳಗಿನ ನುಲಿ

ಮುಂಬೈಯ ಬೊರಿವಲಿಯಲ್ಲಿ ಹೊಟ್ಟೆ ಹಿಂಡುವ ನೋವಿಗೆ ಹೆಸರು ಒಂದೆರಡಲ್ಲ. ಮರಾಠಿಗರಿಗೆ ಅದು ‘ಮುರಡಾ’, ಹಿಂದಿಯವರಿಗೆ ‘ಮರೋಡ್’, ಗುಜರಾತಿಗಳಿಗೆ ‘ಚೂಂಕ್’. ಹೋಟೆಲು ಕೆಲಸಕ್ಕೆ ಕರಾವಳಿಯಿಂದ ಬಂದು ಇಲ್ಲೇ ನೆಲೆನಿಂತ ತುಳುವರು ‘ಬಂಜಿಬೇನೆ’ ಎನ್ನುತ್ತಾರೆ. ಕನ್ನಡದ ಮನೆಗಳಲ್ಲಿ ಹೊಟ್ಟೆ ‘ನುಲಿಯುತ್ತದೆ’.

ನುಲಿಯುವುದೆಂದರೆ ಹೊಸೆಯುವುದು, ತಿರುಚುವುದು. 12ನೆಯ ಶತಮಾನದ ಶರಣ ನುಲಿಯ ಚಂದಯ್ಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸಿದವನು. ಆ ಕಾಯಕವೇ ಅವನ ಹೆಸರಾಯಿತು. ಹುರಿಯಿಂದ ಹೊರಟ ಪದ ವಯ್ಯಾರದ ಮಾತಿಗೂ ಹತ್ತಿತು, ಹೊಟ್ಟೆಗೂ ಇಳಿಯಿತು. ಮುರಡಾ, ಮರೋಡ್‌ಗಳ ಒಳಗಿರುವುದೂ ತಿರುಚುವ ಕ್ರಿಯೆಯೇ.

ಜನ ಸರಿಯಾಗಿಯೇ ಗುರುತಿಸಿದ್ದಾರೆ. ಕರುಳಿನ ಗೋಡೆಯ ಸ್ನಾಯು ಬಿಗಿದು ಸಡಿಲುವಾಗ ನೋವು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕೆಟ್ಟ ನೀರು, ಹಳಸಿದ ಊಟ, ವಾಯು, ಮಲಬದ್ಧತೆ ಇದಕ್ಕೆ ಸಾಮಾನ್ಯ ಕಾರಣಗಳು. ಮುಟ್ಟಿನ ದಿನಗಳಲ್ಲಿ ಹೀಗೆ ಬಿಗಿಯುವುದು ಗರ್ಭಕೋಶ. ಕರುಳೇ ತಿರುಚಿಕೊಳ್ಳುವುದು ಅಪರೂಪ, ಆದರೆ ಅದು ಜೀವಕ್ಕೇ ಅಪಾಯ. ಮಳೆಗಾಲದಲ್ಲಿ ಮುಂಬೈ ಪಾಲಿಕೆ ಮಲೇರಿಯಾ, ಡೆಂಗಿಗಳ ಜೊತೆ ‘ಗ್ಯಾಸ್ಟ್ರೋ’ (ವಾಂತಿ-ಭೇದಿ) ಪ್ರಕರಣಗಳ ಲೆಕ್ಕವನ್ನೂ ಕೊಡುತ್ತದೆ. ನುಲಿಗೆ ಆಗ ಸುಗ್ಗಿ.

ಓಮದ ಕಷಾಯ, ಬಿಸಿನೀರಿನ ಶಾಖ ಸಣ್ಣ ನುಲಿಗೆ ಹಿತ. ಭೇದಿಯೂ ಇದ್ದರೆ ಮೊದಲು ಬೇಕಾದದ್ದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಸಮಮಟ್ಟಕ್ಕೆ ಅಳೆದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೆಡಿಕಲ್‌ನಲ್ಲಿ ಕೇಳಿ ನುಂಗುವ ಮಾತ್ರೆಗಳಲ್ಲಿ ಡೈಸೈಕ್ಲೊಮಿನ್ ಸೆಳೆತ ಸಡಿಲಿಸುತ್ತದೆ, ಮೆಫೆನಾಮಿಕ್ ಆಮ್ಲ ನೋವು ತಗ್ಗಿಸುತ್ತದೆ. ಆದರೆ ಈ ಆಮ್ಲದಿಂದ ಚರ್ಮ ಮತ್ತು ಒಳ ಅಂಗಗಳನ್ನು ಕಾಡುವ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಸಿತು. ಚಾಕಲೇಟಿನಂತೆ ಕೊಳ್ಳುವ ಮಾತ್ರೆ ಅದಲ್ಲ.

ನುಲಿಯೇ ಬೇರೆ, ಉರಿಯೇ ಬೇರೆ, ಚುಚ್ಚುವಿಕೆಯೇ ಬೇರೆ. ಎದೆಗುಂಡಿಗೆಯ ಕೆಳಗಿನ ಉರಿ ಹೆಚ್ಚಾಗಿ ಜಠರದ ಆಮ್ಲದ ಕಡೆ ಬೆರಳು ತೋರುತ್ತದೆ. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಸರಿದು ನಿಂತ ನೋವು ಅಪೆಂಡಿಕ್ಸಿನದಿರಬಹುದು. ಎಲ್ಲಕ್ಕೂ ಬರೀ ‘ಪೇಟ್ ದರ್ದ್’ ಎಂದರೆ ವೈದ್ಯರಿಗೆ ಅರ್ಧ ಸುಳಿವು ಕೈತಪ್ಪಿತು. ಬೊರಿವಲಿಯ ಕನ್ನಡಿಗರು ದವಾಖಾನೆಯಲ್ಲಿ ನೋವಿನ ಬಗೆ, ಜಾಗ, ಶುರುವಾದ ಹೊತ್ತು ಮೂರನ್ನೂ ಹೇಳಲಿ, ಹಿಂದಿಯಲ್ಲೋ ಮರಾಠಿಯಲ್ಲೋ. ಜ್ವರ, ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಕಲ್ಲಿನಂತೆ ಬಿಗಿದ ಹೊಟ್ಟೆ ಇವುಗಳಲ್ಲಿ ಒಂದು ಕಂಡರೂ ಓಮದ ನೀರು ಕುದಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಲಿ.