ಜಾಲರಿಗೆ ಜಾಲರಿಯೇ ಜಾಮೀನು

ಗರ್ಭಕೋಶ ಜಾರಿದ ಹೆಂಗಸರಿಗೆ ಪ್ರಾಚೀನ ಗ್ರೀಸಿನ ವೈದ್ಯರು ಅರ್ಧ ದಾಳಿಂಬೆಯನ್ನು ಒಳಗಿಟ್ಟು ಆಧಾರ ಕೊಡುತ್ತಿದ್ದರು. ಏಣಿಗೆ ತಲೆಕೆಳಗಾಗಿ ಕಟ್ಟಿ ಅಲುಗಾಡಿಸುವ ಚಿಕಿತ್ಸೆಯೂ ಇತ್ತು. ಅದರ ಮುಂದೆ ಪ್ಲಾಸ್ಟಿಕ್ ಜಾಲರಿ ಎಷ್ಟೋ ಸಭ್ಯವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಜಾಲರಿ ಹುಟ್ಟಿದ್ದು ಹರ್ನಿಯಾಕ್ಕಾಗಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ಫ್ರಾನ್ಸಿಸ್ ಅಷರ್ ಸಡಿಲಗೊಂಡ ಹೊಟ್ಟೆಯ ಗೋಡೆಗೆ ಪ್ಲಾಸ್ಟಿಕ್ ನೇಯ್ಗೆಯ ತೇಪೆ ಹಾಕತೊಡಗಿದರು. ಮಾಂಸ ಅದರ ಕಣ್ಣುಗಳಲ್ಲಿ ನುಗ್ಗಿ ಬೆಳೆದು ಗಟ್ಟಿಯಾಗುತ್ತಿತ್ತು. ಅದೇ ಕಾಲದ ಆಸುಪಾಸಿನಲ್ಲಿ ಮುಂಬಯಿಯ ಸ್ತ್ರೀರೋಗ ವೈದ್ಯ ಪುರಂದರೆಯವರು ಗರ್ಭಕಂಠವನ್ನು ಎತ್ತಿ ಕಟ್ಟಲು ರೋಗಿಯ ಹೊಟ್ಟೆಯ ಗೋಡೆಯ ಪೊರೆಯಿಂದಲೇ ಪಟ್ಟಿ ಸೀಳಿಕೊಂಡರು. ಆದರೆ ಸಿದ್ಧವಾಗಿ ಸಿಗುವ ಸರಕಿನ ಸೆಳೆತವೇ ಬೇರೆ.

ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎಯ ನಿಯಮವೂ ಜಾಲರಿ ಹೆಂಗಸರ ಚಿಕಿತ್ಸೆಗೆ ಬರುವ ಹಾದಿಯನ್ನು ಸಲೀಸು ಮಾಡಿತು. ಹೊಸ ಸಾಧನ ಮಾರುಕಟ್ಟೆಯಲ್ಲಿರುವ ಹಳೆಯದನ್ನು ಹೋಲುತ್ತದೆಂದು ತೋರಿಸಿದರೆ ಸಾಕಿತ್ತು; ರೋಗಿಗಳ ಮೇಲಿನ ಪ್ರಯೋಗದ ಪುರಾವೆ ಕಡ್ಡಾಯವಾಗಿರಲಿಲ್ಲ. ಮೂತ್ರ ಸೋರಿಕೆಗೆಂದು 1996ರಲ್ಲಿ ಒಪ್ಪಿಗೆ ಪಡೆದ ಪ್ರೊಟೆಜೆನ್ ಪಟ್ಟಿಯನ್ನು 1999ರಲ್ಲಿ ಹಿಂದಕ್ಕೆ ಕರೆಸಿಕೊಂಡರು. ಅಷ್ಟರಲ್ಲಿ ಅದರ ಹೋಲಿಕೆ ಹೇಳಿಕೊಂಡೇ ಇನ್ನೊಂದು ಪಟ್ಟಿ ಪೇಟೆಗೆ ಬಂದಾಗಿತ್ತು. ಜಾಮೀನುದಾರ ಜೈಲಿಗೆ ಹೋದರೂ ಆರೋಪಿ ಆರಾಮ! 2002ರಲ್ಲಿ ಗರ್ಭಕೋಶ, ಮೂತ್ರಕೋಶ ಜಾರಿದವರಿಗೆಂದೇ ಜಾಲರಿ ಬಂತು. ಕೆಲವೇ ವರ್ಷಗಳಲ್ಲಿ ಸೂಜಿ, ಜಾಲರಿ ಎಲ್ಲ ಒಟ್ಟಿಗಿರುವ ಕಿಟ್‌ಗಳೂ ಬಂದವು.

ವೈದ್ಯರು ನಂಬಿದ್ದಕ್ಕೆ ಕಾರಣವಿರಲಿಲ್ಲವೆಂದಲ್ಲ. ನಾರ್ಡಿಕ್ ದೇಶಗಳ 389 ಹೆಂಗಸರ ಅಧ್ಯಯನ 2011ರಲ್ಲಿ ಪ್ರಕಟವಾಯಿತು: ಒಂದು ವರ್ಷದ ಬಳಿಕ ಜಾಲರಿ ಹಾಕಿಸಿಕೊಂಡವರಲ್ಲಿ ಶೇ 60.8ರಷ್ಟು ಯಶಸ್ಸು, ಬರೀ ಹೊಲಿಗೆಯವರಲ್ಲಿ ಶೇ 34.5. ಆದರೆ ರಕ್ತಸ್ರಾವ, ಮೂತ್ರಕೋಶಕ್ಕೆ ತೂತು ಬೀಳುವುದು ಜಾಲರಿಯ ಕಡೆಯೇ ಹೆಚ್ಚು. 2017ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನ ಲಾಭದ ಲೆಕ್ಕವನ್ನೂ ಅಳಿಸಿತು. ಎರಡು ವರ್ಷ ಕಳೆದಾಗ ಹೆಂಗಸರ ತೊಂದರೆಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಜಾಲರಿಯವರಲ್ಲಿ ಹತ್ತರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಜಾಲರಿಯದೇ ಉಪದ್ರವ. ಅದು ಯೋನಿಯ ತೆಳು ಗೋಡೆಯನ್ನು ಕೊರೆದು ಇಣುಕುತ್ತಿತ್ತು. ಕೂತರೆ ನೋವು, ಗಂಡನ ಸಂಗವೂ ನೋವು ಎಂಬ ದೂರುಗಳನ್ನು ಎಷ್ಟೋ ಕಡೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

2019ರ ಏಪ್ರಿಲ್‌ನಲ್ಲಿ ಎಫ್‌ಡಿಎ ಗರ್ಭಕೋಶ, ಮೂತ್ರಕೋಶ ಜಾರಿದವರಿಗೆ ಯೋನಿಯ ಮೂಲಕ ಹಾಕುವ ಜಾಲರಿಗಳ ಮಾರಾಟ ನಿಲ್ಲಿಸಿತು. ಹೊಟ್ಟೆಯ ಮೂಲಕ ಹಾಕುವುದಕ್ಕೆ ಆ ಆದೇಶ ತಟ್ಟಲಿಲ್ಲ.

ಸ್ಕಾಟ್ಲೆಂಡ್ 2014ರಲ್ಲೇ, ನೊಂದ ಹೆಂಗಸರು ಸಂಸತ್ತಿಗೆ ಅರ್ಜಿ ಕೊಟ್ಟ ಮೇಲೆ, ಯೋನಿಯ ಮೂಲಕ ಜಾಲರಿ ಹಾಕುವುದಕ್ಕೆ ತಡೆ ಕೇಳಿತ್ತು. ಆದರೆ ಮಾಂಸದೊಳಗೆ ಬೇರೂರಿದ್ದನ್ನು ಕೀಳುವುದು ಸುಲಭವೇ? ಕೈಯಿಂದ ಹಣ ಹಾಕಿ ಖಾಸಗಿಯಾಗಿ ತೆಗೆಸಿಕೊಂಡವರಿಗೆ ಆ ವೆಚ್ಚ ಮರಳಿಸಲು ಅಲ್ಲಿನ ಸಂಸತ್ತು 2022ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು.