ಎಸ್‌ಇಒ ಫಲಿತಾಂಶಕ್ಕೆ ತಗಲುವ ಕಾಲ

ಸರ್ಚ್ ಎಂಜಿನ್ ಆಪ್ಟಿಮೈಸೇಶನ್ ಅಥವಾ ಎಸ್‌ಇಒ ಎಂಬುದು ಗೂಗಲ್‌ನಂತಹ ಶೋಧಯಂತ್ರಗಳಲ್ಲಿ ಹಣ ತೆರದೆ ಮೇಲಿನ ಸ್ಥಾನ ಪಡೆಯುವಂತೆ ಜಾಲತಾಣವೊಂದನ್ನು ಸುಧಾರಿಸುವ ಕ್ರಮ. ಸುಧಾರಣೆಗಳನ್ನು ಅಳವಡಿಸಿ ಅದರ ಪ್ರಯೋಜನ ಕಾಣಲು ಬಹುತೇಕ 4 ತಿಂಗಳಿಂದ 1 ವರ್ಷ ಬೇಕೆಂದು ಗೂಗಲ್ 2017ರಲ್ಲಿ ತಿಳಿಸಿತು.

ಬಳಕೆದಾರರು ಹುಡುಕಿದಾಗ ಗೂಗಲ್ ನೋಡುವುದು ಇಡೀ ಅಂತರಜಾಲವನ್ನಲ್ಲ, ತಾನು ಮೊದಲೇ ಸಿದ್ಧಪಡಿಸಿಟ್ಟ ಸೂಚಿಯನ್ನು. ಆದ್ದರಿಂದ ಪುಟವನ್ನು ತಿದ್ದಿದರೂ, ಕ್ರಾಲರ್ ಎಂಬ ತಂತ್ರಾಂಶ ಅದನ್ನು ಮತ್ತೆ ಓದಿ ಸೂಚಿಗೆ ಸೇರಿಸುವವರೆಗೆ ಆ ತಿದ್ದುಪಡಿ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳು ಹಿಡಿಯಬಹುದು. ಇದಕ್ಕಿಂತಲೂ ನಿಧಾನವಾದುದು ಇತರ ತಾಣಗಳಿಂದ ಕೊಂಡಿಗಳು ದೊರೆಯುವುದು. ಅದು ತಾಣದ ಮಾಲೀಕರ ಕೈಯಲ್ಲಿಲ್ಲ.

ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ ಹೊಸ ಬೇಕರಿಯೊಂದು ತೆರೆದಿದೆ ಎಂದುಕೊಳ್ಳಬಹುದು. ಬಡಾವಣೆಯನ್ನು ಕೆಲವರು ಉಪನಗರವೆಂದೂ ಕೆಲವರು ಸ್ಯಾಟಲೈಟ್ ಟೌನ್ ಎಂದೂ ಹುಡುಕುವುದರಿಂದ ಪುಟದಲ್ಲಿ ಎರಡೂ ಹೆಸರುಗಳಿರುವುದು ಲೇಸು. ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ಪ್ರಸ್ತುತತೆ, ದೂರ ಮತ್ತು ಪ್ರಸಿದ್ಧಿಯನ್ನು ಪರಿಗಣಿಸುತ್ತದೆ. ಹೆಸರು, ವಿಳಾಸ, ವೇಳೆಯನ್ನು ಒಂದೇ ದಿನದಲ್ಲಿ ಸರಿಪಡಿಸಬಹುದು. ಅಂಗಡಿಗೂ ಹುಡುಕುವವರಿಗೂ ಇರುವ ದೂರವನ್ನು ಯಾವ ಎಸ್‌ಇಒ ಕೂಡ ಕಡಿಮೆ ಮಾಡಲಾರದು. ಪ್ರಸಿದ್ಧಿಯಂತೂ ಗ್ರಾಹಕರ ವಿಮರ್ಶೆಗಳು ಒಂದೊಂದಾಗಿ ಕೂಡಿದಂತೆ ಬೆಳೆಯತಕ್ಕದ್ದು. ಹೀಗಾಗಿ ಹಣ ಪಡೆದು ತಿಂಗಳೊಳಗೆ ಮೊದಲ ಸ್ಥಾನ ಕೊಡಿಸುವುದಾಗಿ ಹೇಳುವವರ ಮಾತು ನಂಬಲರ್ಹವಲ್ಲ. ಅಂಥ ಖಾತರಿಯನ್ನು ಯಾರೂ ನೀಡಲಾರರೆಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿಯೇ ಸ್ಪಷ್ಟಪಡಿಸಿದೆ.