ಪೆರೋಲ್ ಮೇಲೆ ಬಂದಾಗ ಕೋರ್ಟ್ ದಂಡ ಕಟ್ಟೋದು ಹೇಗೆ? ಪೂರ್ತಿ ದುಡ್ಡಿಲ್ಲದವರು ತಿಳಿಯಬೇಕಾದ್ದು

ಜೈಲು ಶಿಕ್ಷೆಯ ಜೊತೆಗೆ ಕೋರ್ಟ್ ದಂಡವನ್ನೂ ಹಾಕಿರುತ್ತೆ. ಪೆರೋಲ್ ಮೇಲೆ ಕೆಲವು ದಿನ ಊರಿಗೆ ಬಂದವರಿಗೆ ಮನೆ ಖರ್ಚಿನ ಜೊತೆ ಇದೂ ಒಂದು ಚಿಂತೆ. ಹೆದರಿ ಮೀಟರ್ ಬಡ್ಡಿಗೆ ಸಾಲ ಮಾಡುವ ಮೊದಲು ಈ ವಿಷಯಗಳನ್ನು ತಿಳಿದುಕೊಳ್ಳಿ.

ದಂಡ ಕಟ್ಟದಿದ್ದರೆ ಏನಾಗುತ್ತೆ?

ತೀರ್ಪಿನ ಪ್ರತಿಯ ಕೊನೆಯ ಪುಟ ನೋಡಿ. ದಂಡ ಎಷ್ಟು, ಕಟ್ಟಲು ತಪ್ಪಿದರೆ ಎಷ್ಟು ತಿಂಗಳ ಸೆರೆವಾಸ ಅಂತ ಅಲ್ಲೇ ಬರೆದಿರುತ್ತೆ. ಈ ಹೆಚ್ಚುವರಿ ಸೆರೆವಾಸ ಮೂಲ ಶಿಕ್ಷೆಯ ಜೊತೆಜೊತೆಗೆ ಮುಗಿಯೋದಿಲ್ಲ. ಮೂಲ ಶಿಕ್ಷೆ ಮುಗಿದ ಮೇಲೆ ಪ್ರತ್ಯೇಕವಾಗಿ ಅನುಭವಿಸಬೇಕು. 2018ರ ಶರದ್ ಹಿರು ಕೊಳಂಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಅರ್ಧ ಕಟ್ಟಿದರೂ ಲಾಭ ಉಂಟಾ?

ಉಂಟು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಳೆಯ ಐಪಿಸಿಯಲ್ಲಿ ಇದ್ದ ನಿಯಮ ಈಗ ಭಾರತೀಯ ನ್ಯಾಯ ಸಂಹಿತೆಯ 8ನೇ ಸೆಕ್ಷನ್‌ನಲ್ಲಿದೆ. ಕಟ್ಟಿದ ಹಣಕ್ಕೆ ತಕ್ಕಂತೆ ಹೆಚ್ಚುವರಿ ಸೆರೆವಾಸ ಕಡಿಮೆಯಾಗುತ್ತೆ.

ಉದಾಹರಣೆಗೆ ದಂಡ ₹20,000, ತಪ್ಪಿದರೆ 4 ತಿಂಗಳು ಅಂತಿಟ್ಟುಕೊಳ್ಳಿ. ₹15,000 ಕಟ್ಟಿದರೆ ಉಳಿಯೋದು ಕಾಲು ಭಾಗ, ಅಂದರೆ 1 ತಿಂಗಳು ಮಾತ್ರ. ಬಾಕಿ ಪೂರ್ತಿ ಕಟ್ಟಿದ ತಕ್ಷಣ ಆ ಸೆರೆವಾಸವೂ ಮುಗಿಯುತ್ತೆ.

ಕಂತು ಸಿಗುತ್ತಾ?

ಬರೀ ದಂಡದ ಶಿಕ್ಷೆ ಆಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 464ನೇ ಸೆಕ್ಷನ್ ಪ್ರಕಾರ ಕೋರ್ಟ್ 30 ದಿನದವರೆಗೆ ಸಮಯ ಕೊಡಬಹುದು, ಇಲ್ಲವೇ ಎರಡು-ಮೂರು ಕಂತು ಮಾಡಬಹುದು. ಚೆಕ್ ಬೌನ್ಸ್ ಕೇಸಲ್ಲಿ ಬರೀ ದಂಡ ಬಿದ್ದ ವ್ಯಾಪಾರಿಗಳು ಇದನ್ನು ಕೇಳಬಹುದು. ಜೈಲು ಶಿಕ್ಷೆಯೂ ಇರುವವರಿಗೆ ಈ ಸೆಕ್ಷನ್ ಅನ್ವಯಿಸೋದಿಲ್ಲ. ಅವರಿಗೆ ಮೇಲೆ ಹೇಳಿದ ಭಾಗಶಃ ಪಾವತಿಯೇ ದಾರಿ.

ಸರ್ಕಾರದ ನೆರವು

ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂದಿದೆ. ದಂಡ ಕಟ್ಟಲಾಗದೆ ಜೈಲಿನಲ್ಲೇ ಉಳಿದವರ ಪರವಾಗಿ ₹25,000ದವರೆಗೆ ಜಿಲ್ಲಾ ಮಟ್ಟದ ಸಮಿತಿ ಮಂಜೂರು ಮಾಡಬಹುದು. ಅದಕ್ಕಿಂತ ಹೆಚ್ಚಿನ ಮೊತ್ತ ರಾಜ್ಯ ಸಮಿತಿಗೆ ಹೋಗುತ್ತೆ. ಹಣ ಕೈಗೆ ಕೊಡೋದಿಲ್ಲ, ಕೋರ್ಟಿಗೆ ಕಟ್ಟುತ್ತಾರೆ. ಭ್ರಷ್ಟಾಚಾರ, ಮಾದಕ ವಸ್ತು, ಅಕ್ರಮ ಹಣ ವರ್ಗಾವಣೆ, ಯುಎಪಿಎ ಕೇಸುಗಳಿಗೆ ಇದು ಅನ್ವಯಿಸಲ್ಲ.

ಶಿಕ್ಷೆ ಮುಗಿಯುವ ಹೊತ್ತಿಗೆ ಜೈಲು ಸೂಪರಿಂಟೆಂಡೆಂಟ್‌ಗೆ "ದಂಡ ಕಟ್ಟೋಕೆ ಶಕ್ತಿ ಇಲ್ಲ" ಅಂತ ಬರೆದು ಕೊಡಿ. ಮನೆಯವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಅರ್ಜಿ ಹಾಕಬಹುದು.

ಎಲ್ಲಿ ಕಟ್ಟಬೇಕು?

* ಶಿಕ್ಷೆ ಕೊಟ್ಟ ಕೋರ್ಟಿನ ಕಚೇರಿಯಲ್ಲಿ ವಿಚಾರಿಸಿ ಕಟ್ಟಿ. ಕೇಸ್ ನಂಬರ್ ಇರುವ ರಸೀದಿ ತಗೊಳ್ಳಿ.
* ರಸೀದಿಯ ಒಂದು ಜೆರಾಕ್ಸ್ ಜೈಲಿಗೆ ಕೊಡಿ, ಇನ್ನೊಂದು ಮನೆಯಲ್ಲಿರಲಿ.
* "ನಾನು ಕಟ್ಟಿಸ್ತೀನಿ" ಅನ್ನೋ ಮಧ್ಯವರ್ತಿಯ ಕೈಗೆ ದುಡ್ಡು ಕೊಡಬೇಡಿ.

ಇವೂ ಗಮನದಲ್ಲಿರಲಿ

ದಂಡ ಹೊಂದಿಸೋಕೆ ಅಂತ ಪೆರೋಲ್ ಅವಧಿ ಮೀರಿ ಊರಲ್ಲಿ ನಿಲ್ಲಬೇಡಿ. ಹೇಳಿದ ದಿನಕ್ಕೆ ವಾಪಸ್ ಹೋಗಲೇಬೇಕು. ತಪ್ಪಿದರೆ ಮುಂದಿನ ಪೆರೋಲ್‌ಗೂ ಕುತ್ತು. ದಂಡವನ್ನು ಮನೆಯವರು ಆಮೇಲೂ ಕಟ್ಟಬಹುದು.

ಪೆರೋಲ್‌ಗೆ ಜಾಮೀನು ನಿಂತ ಅಂಗಡಿಯವರು, ನೆಂಟರು ಗಾಬರಿಯಾಗಬೇಕಿಲ್ಲ. ಅವರ ಹೊಣೆ ಆ ವ್ಯಕ್ತಿ ಸರಿಯಾಗಿ ನಡೆದುಕೊಂಡು ವಾಪಸ್ ಹೋಗೋದಕ್ಕೆ, ದಂಡಕ್ಕಲ್ಲ.

ಆದರೆ ದಂಡ ತಾನಾಗಿ ಮರೆತುಹೋಗೋದಿಲ್ಲ. ತೀರ್ಪಾದ 6 ವರ್ಷದೊಳಗೆ, ಶಿಕ್ಷೆ ಅದಕ್ಕಿಂತ ದೀರ್ಘವಾಗಿದ್ದರೆ ಅದು ಮುಗಿಯುವವರೆಗೆ, ಆಸ್ತಿ ಜಪ್ತಿ ಮಾಡಿ ವಸೂಲಿ ಮಾಡಲು ಅವಕಾಶವಿದೆ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲದವರು ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ತೀರ್ಪಿನ ಪ್ರತಿ, ಪೆರೋಲ್ ಆದೇಶ, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ.